ಮೂಳೆ ವಾರ್ಡಿನಿಂದ ಎದ್ದು ಬಂದದ್ದು

ನನಗೆ ಪ್ಲಾಸ್ಟರ್ ಪುಡಿಯ ಅಲರ್ಜಿ ಇಲ್ಲ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ಯಾಕೆಂದರೆ ಮೂವತ್ತು ವರ್ಷಕ್ಕೂ ಮಿಕ್ಕಿ, ಕೇಳಿದವರಿಗೆಲ್ಲ ನಾನು ಹೇಳಿಕೊಂಡು ಬಂದ ಕಾರಣ ಅದೇ. ಎಂ.ಬಿ.ಬಿ.ಎಸ್. ಮುಗಿಸಿ ಮೂಳೆ ವಿಭಾಗದಲ್ಲಿ ಪಿ.ಜಿ.ಗೆ ಸೇರಿದೆ, ಪ್ಲಾಸ್ಟರ್ ಪುಡಿ ಮೂಗಿಗೆ ಹೋದರೆ ಉಬ್ಬಸ ಬರುತ್ತಿತ್ತು, ಹತ್ತು ತಿಂಗಳಿಗೆ ಬಿಟ್ಟು ಅರಿವಳಿಕೆ ವಿಭಾಗಕ್ಕೆ ಹೋದೆ. ಮದುವೆಗೆ ಮುಂಚೆ ನನ್ನ ಹೆಂಡತಿಗೂ ಇದನ್ನೇ ಹೇಳಿದ್ದೆ. ಅವಳು ಇವತ್ತಿಗೂ ಮನೆಗೆ ಸುಣ್ಣ ಹೊಡೆಸುವಾಗ ನನ್ನನ್ನು ಹೊರಗೆ ಕಳಿಸುತ್ತಾಳೆ. ನಾನು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ಬರುತ್ತೇನೆ.

ಈಗ ಬರೆಯುವುದಕ್ಕೆ ಕಾರಣ ಸ್ಮಿತಾ. ನಾನು ಕೆಲಸ ಮಾಡಿದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನನ್ನ ಜೊತೆ ಇಪ್ಪತ್ತು ವರ್ಷ ದುಡಿದ ಸಿಸ್ಟರ್ ವಾರಿಜಾ ಅವರ ಮಗಳು. ಈಗ ಸರ್ಜರಿಯಲ್ಲಿ ಎರಡನೇ ವರ್ಷದ ಪಿ.ಜಿ. ಕಳೆದ ತಿಂಗಳು ರಜೆಗೆ ಬಂದವಳು ಮನೆಗೆ ಬಂದಿದ್ದಳು. ಸರ್ಜರಿ ಬಿಟ್ಟು ಬೇರೆ ವಿಭಾಗಕ್ಕೆ ಹೋಗಬೇಕು ಅನ್ನಿಸಿದೆಯಂತೆ.

"ನೀವೂ ಬಿಟ್ಟವರಂತಲ್ಲ ಸರ್, ಅಮ್ಮ ಹೇಳಿದ್ರು. ಯಾಕೆ ಬಿಟ್ರಿ?"

"ಪ್ಲಾಸ್ಟರ್ ಪುಡಿ ಆಗ್ತಿರ್ಲಿಲ್ಲ ಮಾರಾಯ್ತಿ. ಉಬ್ಬಸ ಬರ್ತಿತ್ತು."

ಅವಳು ಕಾಫಿ ಲೋಟ ಕೆಳಗಿಟ್ಟು, "ಹಾಗಾದ್ರೆ ನಿಮಗೆ ಸುಲಭ ಇತ್ತು ಸರ್," ಅಂದಳು.

ಅವಳು ಹೋದ ಮೇಲೆ ಹಳೆಯ ಡೈರಿಗಳ ಟ್ರಂಕು ತೆಗೆದೆ. ಕಾಲೇಜಿನ ಮೊದಲ ವರ್ಷದಿಂದ ನಾನು ಡೈರಿ ಬರೆಯುತ್ತಿದ್ದೇನೆ. ಡೈರಿ ಬರೆಯುವವನಿಗೆ ನೆನಪು ಗಟ್ಟಿ ಎಂದು ಜನ ತಿಳಿಯುತ್ತಾರೆ. ನನ್ನ ಅನುಭವ ಬೇರೆ. ಏನನ್ನು ಬರೆಯದೆ ಬಿಟ್ಟಿದ್ದೇವೆ ಎಂಬುದು ಕಣ್ಣಿಗೆ ಬೀಳುವುದು ಡೈರಿ ಬರೆದವನಿಗೆ ಮಾತ್ರ. ನಾನು ಹುಡುಕಿದ್ದು ಒಂದು ದಿನದ ಪುಟವನ್ನು, ಆ ದಿನ ಟೆಲಿಫೋನಿನಲ್ಲಿ ನಾನು ಆಡಿದ ಒಂದು ಮಾತನ್ನು. ಆ ಮಾತು ಏನು ಎಂಬುದರ ಮೇಲೆ ಒಬ್ಬ ಮನುಷ್ಯನ ಎರಡು ಕಾಲು ನಿಂತಿದ್ದವು. ನಾನು ವಿಭಾಗ ಬಿಟ್ಟದ್ದೂ ಅದರಿಂದಲೇ.

ಕಾಲೇಜು ಘಟ್ಟದ ಕೆಳಗಿತ್ತು. ನಮ್ಮ ಊರು ಬಾಳೂರಿನ ಹತ್ತಿರ, ಅಪ್ಪನಿಗೆ ಆರು ಎಕರೆ ಕಾಫಿ. ಮೂಳೆ ವಿಭಾಗವನ್ನು ನಾನು ಆಸೆಪಟ್ಟೇ ಆರಿಸಿಕೊಂಡಿದ್ದೆ. ಮುರಿದದ್ದು ಎಕ್ಸ್‌ರೇಯಲ್ಲಿ ಕಾಣುತ್ತದೆ, ಕೂಡಿದ್ದೂ ಕಾಣುತ್ತದೆ, ಬೇರೆ ವಿಭಾಗಗಳ ಹಾಗೆ ಊಹೆ ಇಲ್ಲ ಎಂದು ಆಗ ನಂಬಿದ್ದೆ. ಕೆಲಸವೂ ಮೈಗೆ ಹಿಡಿಸಿತ್ತು. ಜಾರಿದ ಭುಜವನ್ನು ಎಳೆದು ಕೂರಿಸುವಾಗ ಒಳಗೆ ಒಂದು 'ಟಕ್' ಆಗುತ್ತದೆ, ರೋಗಿಯ ಮುಖ ಒಮ್ಮೆಲೇ ಸಡಿಲವಾಗುತ್ತದೆ. ಆ ಸದ್ದಿನ ಸುಖವನ್ನು ಮುಂದೆ ಇಡೀ ವೃತ್ತಿಯಲ್ಲಿ ನಾನು ಕಾಣಲಿಲ್ಲ.

ತಪ್ಪುಗಳೂ ಆದವು. ತೊಡೆ ಮುರಿದ ಒಬ್ಬ ಮುದುಕರಿಗೆ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದ್ದೆ. ನನ್ನ ಮೊದಲ ದೊಡ್ಡ ಪ್ಲಾಸ್ಟರ್. ನಯವಾಗಿ ಬಂದಿದೆ ಎಂದು ಎರಡು ಸಲ ಹಿಂದೆ ಸರಿದು ನೋಡಿದ್ದೆ. ಮರುದಿನ ರೌಂಡ್ಸಿನಲ್ಲಿ ಮುದುಕರು ನಮ್ಮ ಚೀಫ್ ಅವರನ್ನು, ಅಂದರೆ ವಿಭಾಗದ ಮುಖ್ಯಸ್ಥರನ್ನು, ಕೇಳಿದರು: "ಸ್ವಾಮಿ, ಎಲೆಅಡಿಕೆ ಚೀಲ ಒಳಗೇ ಉಳಿದದೆ. ಕೈ ಹಾಕಿದ್ರೆ ಸಿಗ್ತಾ ಇಲ್ಲ." ಉಡಿದಾರಕ್ಕೆ ಕಟ್ಟಿಕೊಂಡಿದ್ದ ಸಣ್ಣ ಚೀಲವನ್ನೂ ಸೇರಿಸಿ ಸುತ್ತಿಬಿಟ್ಟಿದ್ದೆ. ಚೀಫ್ ಪ್ಲಾಸ್ಟರಿಗೆ ಕಿಟಕಿ ಕೊಯ್ಯಿಸಿ, ಚೀಲವನ್ನು ತಾವೇ ಹೊರಗೆಳೆದು, ಮುದುಕರಿಗೆ ಕೊಟ್ಟು, ನನ್ನ ಕಡೆ ತಿರುಗಿದರು.

"ನೀನು ಮೂಳೆ ಡಾಕ್ಟ್ರು ಆಗೋನಾ, ಅಡಿಕೆ ಮಂಡಿ ಇಡೋನಾ?"

ವಾರ್ಡಿನ ಅಷ್ಟೂ ಹಾಸಿಗೆ ನಕ್ಕವು. ಆದರೆ ಅವತ್ತೇ ಮಧ್ಯಾಹ್ನ ಚೀಫ್ ನನ್ನನ್ನು ಥಿಯೇಟರಿಗೆ ಕರೆದು ಮೊದಲ ಸಲ ಕೈಗೆ ಡ್ರಿಲ್ ಕೊಟ್ಟರು. ಬಯ್ದದ್ದನ್ನು ಸಂಜೆಯವರೆಗೆ ಇಟ್ಟುಕೊಳ್ಳುವ ಮನುಷ್ಯ ಅಲ್ಲ. ಇದನ್ನು ಇಲ್ಲಿ ಹೇಳಬೇಕು, ಏಕೆಂದರೆ ವಿಭಾಗ ಬಿಟ್ಟವರೆಲ್ಲ ಮೇಲಿನವರ ಕಾಟವನ್ನು ಕಾರಣ ಮಾಡುತ್ತಾರೆ. ನನಗೆ ಆ ಕಾರಣವೂ ಇರಲಿಲ್ಲ.

ಇನ್ನು ಆ ದಿನ. ನಮ್ಮ ಕಡೆ ಕಾಫಿ ಕೊಯ್ಲು ಮುಗಿಯುತ್ತ ಬಂದ ಹಾಗೆ ಕಾಳುಮೆಣಸಿನ ಕೊಯ್ಲು ಶುರುವಾಗುತ್ತದೆ. ಬಳ್ಳಿ ನೆರಳಿಗೆ ಬೆಳೆಸಿದ ಸಿಲ್ವರ್ ಮರದ ಮೇಲೆ ಮೂವತ್ತು ನಲವತ್ತು ಅಡಿ ಹಬ್ಬಿರುತ್ತದೆ. ಒಂದೇ ಬಿದಿರಿನ ಗಳುವಿಗೆ ಗೆಣ್ಣಿನ ಹತ್ತಿರ ಕಾಲಿಡಲು ಕವಲು ಬಿಟ್ಟು ಮಾಡಿದ ಏಣಿಯನ್ನು ಮರಕ್ಕೆ ಒರಗಿಸಿ, ಬೆನ್ನಿಗೆ ಚೀಲ ಕಟ್ಟಿ ಹತ್ತುತ್ತಾರೆ. ಗಳು ತಿರುಗಿದರೆ ಮನುಷ್ಯ ಕೆಳಗೆ. ಬಿದ್ದವನು ಸಾಮಾನ್ಯವಾಗಿ ಕುಂಡೆ ಊರಿ ಬೀಳುತ್ತಾನೆ, ಬೆನ್ನುಮೂಳೆ ಸೊಂಟದ ಮೇಲ್ಭಾಗದಲ್ಲಿ ಜಜ್ಜಿಹೋಗುತ್ತದೆ. ಒಳಗಿನ ನರ ಉಳಿದಿರಬಹುದು. ಅವನನ್ನು ಅಡ್ಡ ಮಲಗಿಸಿ, ಬೆನ್ನು ಬಾಗದ ಹಾಗೆ ತಂದರೆ ಉಳಿದ ನರ ಉಳಿಯುತ್ತದೆ. ಕೂರಿಸಿ ತಂದರೆ ದಾರಿಯಲ್ಲಿ ಹೋಗುತ್ತದೆ. ಮೂಳೆ ವಿಭಾಗಕ್ಕೆ ಸೇರಿದ ಮೊದಲ ವಾರವೇ ಇದನ್ನು ಕಲಿಸಿರುತ್ತಾರೆ.

ಮಧ್ಯಾಹ್ನ ನಾನು ಒಬ್ಬ ಹೆಂಗಸಿನ ಮಣಿಕಟ್ಟಿಗೆ ಪ್ಲಾಸ್ಟರ್ ಸುತ್ತುತ್ತಿದ್ದೆ. ಅರ್ಧ ಸುತ್ತಿದ್ದಾಗ ಡ್ಯೂಟಿ ಕೋಣೆಯಲ್ಲಿ ನನಗೆ ಫೋನು ಎಂದರು. ನೆನೆಸಿದ ಪ್ಲಾಸ್ಟರ್ ಗಟ್ಟಿಯಾಗಲು ಐದು ನಿಮಿಷ ಸಾಕು. ಹಸಿ ಕೈಯಲ್ಲೇ ಓಡಿ, ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ. ಕೊಟ್ಟಿಗೆಹಾರದ ಎಸ್.ಟಿ.ಡಿ. ಬೂತಿನಿಂದ ಹಸನಬ್ಬ. ಬಾಳೂರಿನಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದವರು. ರಜೆಗೆ ಬಂದಾಗೆಲ್ಲ ನನ್ನನ್ನು ಬಸ್ಸಿಗೆ ಮುಟ್ಟಿಸುತ್ತಿದ್ದವರೂ ಅವರೇ.

"ಡಾಕ್ಟ್ರೇ, ಸಂಜೀವ ಅಂತ, ಮೆಣಸು ಕೊಯ್ಯೋನು, ಮರದಿಂದ ಬಿದ್ದಿದಾನೆ. ಸೊಂಟ ಸೊಂಟ ಅಂತ ಕೂಗ್ತಾ ಇದಾನೆ."

"ಕಾಲು ಆಡಿಸ್ತಾನಾ?"

"ಆಡಿಸ್ತಾನೆ. ನನ್ನ ಎದುರೇ ಆಡ್ಸಿದ. ಜೀಪಲ್ಲೇ ಇದಾನೆ, ಘಟ್ಟ ಇಳಿಸಿ ನಿಮ್ಮಲ್ಲಿಗೇ ತರ್ಲಾ?"

ಅದಕ್ಕೆ ನಾನು ಏನು ಹೇಳಿದೆ? ಡೈರಿಯ ಸಾಲು ಇಷ್ಟು: 'ಮಧ್ಯಾಹ್ನ ಕೊಟ್ಟಿಗೆಹಾರದಿಂದ ಹಸನಬ್ಬ. ಮರದಿಂದ ಬಿದ್ದ ಕೇಸು. ತರಲು ಹೇಳಿದೆ.' ಹೇಗೆ ತರಲು ಹೇಳಿದೆ ಎಂಬುದಿಲ್ಲ. ಹೆಂಗಸಿನ ಕೈಯ ಪ್ಲಾಸ್ಟರ್ ಗಟ್ಟಿಯಾಗುತ್ತಿದೆ ಎಂಬ ಅವಸರ ನೆನಪಿದೆ. ರಿಸೀವರಿಗೆ ಮೆತ್ತಿಕೊಂಡ ಬಿಳಿ ಕೂಡ ನೆನಪಿದೆ. ಹಸನಬ್ಬನ ಮಾತು ಮೇಲೆ ಬರೆದಷ್ಟು ಸ್ಪಷ್ಟವಾಗಿ ಕೇಳುತ್ತದೆ, ಅಥವಾ ಕೇಳುತ್ತದೆ ಎಂದು ನಾನು ಅಂದುಕೊಂಡಿದ್ದೇನೆ. ನನ್ನ ಮಾತು ಮಾತ್ರ ಕೇಳುವುದಿಲ್ಲ.

ಸಂಜೆ ಆರರ ಹೊತ್ತಿಗೆ ಜೀಪು ಬಂತು. ಸಂಜೀವ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಕೂತಿದ್ದ. ಬೀಳದಿರಲಿ ಎಂದು ಅವನ ಎದೆಗೆ ಟವೆಲು ಸುತ್ತಿ ಜೀಪಿನ ಕಂಬಿಗೆ ಕಟ್ಟಿದ್ದರು. ಚಾರ್ಮಾಡಿ ಘಾಟಿಯ ಅಷ್ಟೂ ತಿರುವುಗಳನ್ನು ಹಾಗೆಯೇ ಇಳಿದಿದ್ದ. ಮೂವತ್ತರ ಆಸುಪಾಸಿನ ಗಟ್ಟಿ ಆಳು. ನೋವು ಕಡಿಮೆಯಾಗಿದೆ ಎಂದು ನಗುತ್ತಲೇ ಹೇಳಿದ. ನಾನು ಅವನ ಪಾದಕ್ಕೆ ಪಿನ್ನು ಚುಚ್ಚಿದೆ. ಮೊಣಕಾಲಿಗೆ ಚುಚ್ಚಿದೆ. ತೊಡೆಗೆ ಚುಚ್ಚಿದೆ. ಅವನು ಇನ್ನೂ ನಗುತ್ತಲೇ ಇದ್ದ, ನಾನು ಇನ್ನೂ ಪರೀಕ್ಷೆ ಶುರುಮಾಡಿಲ್ಲ ಎಂದು ತಿಳಿದು.

ಚೀಫ್ ಬಂದರು. ನೋಡಿದರು. ಕಾರಿಡಾರಿನಲ್ಲಿ ಕೇಳಿದರು.

"ಫೋನು ತಗೊಂಡಿದ್ದು ಯಾರು?"

"ನಾನು ಸರ್."

"ಏನು ಹೇಳ್ದೆ?"

"ಹಲಗೆ ಮೇಲೆ ಮಲಗಿಸಿ ತನ್ನಿ ಅಂದೆ ಸರ್."

ಕೇಳಿದ ತಕ್ಷಣ, ಒಂದು ಉಸಿರೂ ತಡವಿಲ್ಲದೆ ಹೇಳಿದ್ದೆ. ಆ ಉತ್ತರ ನಿಜವೇ ಎಂಬ ಪ್ರಶ್ನೆ ಹೇಳಿದ ಮೇಲೆ ನನ್ನೊಳಗೆ ಬಂತು. ಅಲ್ಲಿಂದೀಚೆಗೆ ಅದು ಹೋಗಿಲ್ಲ. ಚೀಫ್ ಪಕ್ಕದಲ್ಲೇ ನಿಂತಿದ್ದ ಹಸನಬ್ಬನ ಕಡೆ ತಿರುಗಿದರು.

"ಇವರು ಮಲಗಿಸಿ ತನ್ನಿ ಅಂದ್ರಾ?"

ಹಸನಬ್ಬ ನನ್ನನ್ನು ನೋಡಲಿಲ್ಲ. "ಹೌದು ಸಾರ್. ಹೇಳಿದ್ರು. ನಾನೇ ಕೂರಿಸಿ ತಂದೆ."

ಹಸನಬ್ಬನಿಗೆ ಚೀಫ್ ಬಯ್ದದ್ದನ್ನು ಇಲ್ಲಿ ಬರೆಯಲಾರೆ. ನಾಲ್ಕು ಜನರ ಎದುರು, ತಮಗಿಂತ ಹೆಚ್ಚೆಂದರೆ ಹತ್ತು ವರ್ಷ ಚಿಕ್ಕವರಾದ ಒಬ್ಬ ಸಂಸಾರಸ್ಥರನ್ನು ಏಕವಚನದಲ್ಲಿ ಬಯ್ದರು. ಒಬ್ಬ ಮನುಷ್ಯನ ಕಾಲು ತಿಂದೆ ನೀನು ಎಂದರು. ಹಸನಬ್ಬ ಕೈಕಟ್ಟಿ ನಿಂತು ಕೇಳಿಸಿಕೊಂಡರು. ನಾನೂ ನಿಂತಿದ್ದೆ. ಅವತ್ತಿನ ಪುಟದ ಕೊನೆಯ ಸಾಲು: 'ಊಟ ಮಾಡಲಿಲ್ಲ.'

ಸಂಜೀವ ನಮ್ಮ ವಾರ್ಡಿನಲ್ಲಿ ನಾಲ್ಕು ತಿಂಗಳಿದ್ದ. ಬಾಗಿಲಿನಿಂದ ಮೂರನೇ ಹಾಸಿಗೆ. ನಾನು ಅವನ ಊರಿನ ಕಡೆಯವನೆಂದು ಅವನಿಗೆ ಬಲು ಸಲಿಗೆ. ಬೆಳಿಗ್ಗೆ ನಾನು ಕಂಡ ಕೂಡಲೇ ಕೇಳುವನು: "ಕಾಲು ಯಾವಾಗ ಬರ್ತದೆ ಡಾಕ್ಟ್ರೇ?" ಮೊದಲು ನೋಡೋಣ ಅನ್ನುತ್ತಿದ್ದೆ. ಆಮೇಲೆ ರೌಂಡ್ಸನ್ನು ಒಳಗಿನ ಆ ಕೊನೆಯಿಂದ ಶುರುಮಾಡಿ, ಅವನ ಹಾಸಿಗೆ ಬರುವ ಹೊತ್ತಿಗೆ ಯಾರಾದರೂ ನನ್ನನ್ನು ಕರೆಯುವ ಹಾಗೆ ಮಾಡಿಕೊಳ್ಳುತ್ತಿದ್ದೆ. ಒಂದು ದಿನ ಅವನೇ ಅಂದ: "ಡಾಕ್ಟ್ರೇ, ನೀವು ಆ ಬದಿಯಿಂದ ಬಂದ್ರೆ ನನ್ನ ಸರದಿ ಬರೂದೇ ಇಲ್ಲ. ತೋಟದಲ್ಲಿ ಮೇಸ್ತ್ರಿ ಸಂಬಳದ ಚೀಟಿ ಕೊಟ್ಟ ಹಾಗೆ ಆಯ್ತು, ಕಡೇ ಸಾಲಿನವ್ರಿಗೆ ಸಿಗೂದೇ ಇಲ್ಲ." ತಮಾಷೆಗೇ ಅಂದ. ಅವನ ಹೆಂಡತಿ ಸುಂದರಿ ಪಕ್ಕದಲ್ಲಿ ಕೂತು ಅವನ ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವಳು ನಗಲಿಲ್ಲ.

ಅದಾದ ಮರುವಾರ ನಾನು ಪ್ರಿನ್ಸಿಪಾಲರ ಕಚೇರಿಗೆ ಹೋದೆ. ಈಗ ಪಿ.ಜಿ. ವಿಭಾಗ ಬದಲಿಸುವುದೆಂದರೆ ಸೀಟು ಬಿಟ್ಟುಕೊಟ್ಟು ಮತ್ತೆ ಪರೀಕ್ಷೆ ಬರೆದು ಬರಬೇಕು. ಆಗ ನಮ್ಮ ಕಾಲೇಜಿನಲ್ಲಿ ಇಷ್ಟು ಬಿಗಿ ಇರಲಿಲ್ಲ. ಅರಿವಳಿಕೆ ವಿಭಾಗಕ್ಕೆ ಯಾರೂ ಬರುತ್ತಿರಲಿಲ್ಲ, ಅಲ್ಲೊಂದು ಸೀಟು ಖಾಲಿ ಬಿದ್ದಿತ್ತು. ಎರಡೂ ವಿಭಾಗಗಳ ಮುಖ್ಯಸ್ಥರು ಒಪ್ಪಿ, ಸರಿಯಾದ ಕಾರಣ ಕೊಟ್ಟರೆ ಮೊದಲ ವರ್ಷದಿಂದ ಹೊಸದಾಗಿ ಸೇರಬಹುದಿತ್ತು. ಉಬ್ಬಸದ ಕಾರಣವನ್ನು ನನ್ನದೇ ಬ್ಯಾಚಿನ ಒಬ್ಬ ಗೆಳೆಯ ಬರೆದುಕೊಟ್ಟ. ನನ್ನ ಎದೆಗೆ ಸ್ಟೆತಸ್ಕೋಪ್ ಇಡದೆಯೇ.

ಚೀಫ್ ಆ ಕಾಗದವನ್ನು ಓದಿ ಮೇಜಿನ ಮೇಲಿಟ್ಟರು.

"ಹತ್ತು ತಿಂಗಳಲ್ಲಿ ಒಂದು ಸಲ ನೀನು ಕೆಮ್ಮಿದ್ದು ನಾನು ಕೇಳಿಲ್ಲ."

ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ನಿಂಗೆ ಕೈ ಇದೆ ಕಣೋ. ಇದು ಎಲ್ಲರಿಗೂ ಹೇಳಲ್ಲ ನಾನು. ಬೇರೆ ಏನಾದ್ರೂ ಇದ್ರೆ ಹೇಳು."

ಆ ಕ್ಷಣ ಹೇಳಬಹುದಿತ್ತು: ಸರ್, ಫೋನಿನಲ್ಲಿ ಏನು ಹೇಳಿದೆ ಅಂತ ನನಗೇ ಗೊತ್ತಿಲ್ಲ. ಒಂದೇ ವಾಕ್ಯ. ಅವರು ಬಯ್ಯುತ್ತಿದ್ದರು, ಮಧ್ಯಾಹ್ನಕ್ಕೆ ಥಿಯೇಟರಿಗೆ ಕರೆಯುತ್ತಿದ್ದರು. ಹೀಗಂತ ಈಗ ಅನ್ನಿಸುತ್ತದೆ. ಈಗ ಅನ್ನಿಸುವುದನ್ನು ಎಷ್ಟು ನಂಬಬೇಕೋ ತಿಳಿಯದು. ನಾನು ಹೇಳಿದ್ದು, "ಪುಡಿ ಆಗ್ತಾ ಇಲ್ಲ ಸರ್." ಅವರು ಸಹಿ ಹಾಕಿದರು.

ಅರಿವಳಿಕೆಯ ಕೆಲಸವನ್ನು ಕೀಳೆಂದು ನಾನು ಹೇಳುತ್ತಿಲ್ಲ. ಕಿರಿಯರು ಯಾರಾದರೂ ಇದನ್ನು ಓದಿದರೆ ಹಾಗೆ ತಿಳಿಯಬಾರದು. ನಾನು ಕಲಿಯುವಾಗ ರೋಗಿಯ ಎದೆಗೆ ಸ್ಟೆತಸ್ಕೋಪಿನ ತಲೆಯನ್ನು ಅಂಟಿಸಿ, ಅದರ ಕೊಳವೆಯನ್ನು ಒಂದು ಕಿವಿಗೆ ಇಟ್ಟುಕೊಂಡು, ಬೆರಳನ್ನು ನಾಡಿಯ ಮೇಲಿಟ್ಟು ಮೂರು ಗಂಟೆ ಕೂರಬೇಕಿತ್ತು. ಉಗುರಿನ ಬಣ್ಣ, ತುಟಿಯ ಬಣ್ಣ, ಹೊಟ್ಟೆ ಕೊಯ್ದಾಗ ಕಾಣುವ ರಕ್ತದ ಬಣ್ಣ, ಇವೇ ನಮ್ಮ ಯಂತ್ರಗಳು. ಆಮೇಲೆ ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮಾಪಕ ಬಂತು, ಪರದೆ ಬಂತು. ಮೊದಲ ಸಲ ಒಬ್ಬ ಹೆಂಗಸಿನ ಬೆರಳಲ್ಲಿ ಆ ಮಾಪಕ ಕೂಗಿದಾಗ ನಾನು ಯಂತ್ರ ಕೆಟ್ಟಿದೆ ಎಂದು ಅದನ್ನು ಬಿಚ್ಚಿ ನನ್ನ ಬೆರಳಿಗೆ ಹಾಕಿ ನೋಡಿದೆ. ಸಿಸ್ಟರ್ ವಾರಿಜಾ, "ಸರ್, ನೀವು ಚೆನ್ನಾಗಿದೀರಿ, ರೋಗಿನ ನೋಡಿ," ಎಂದರು. ಅವಳ ಉಸಿರಿನ ಕೊಳವೆ ಜಾರಿತ್ತು. ಸರಿಪಡಿಸಿದೆ, ಹೆಂಗಸು ಬದುಕಿದಳು. ವಾರಿಜಾ ಇಲ್ಲದಿದ್ದರೆ ಇನ್ನೊಂದು ಮೂರನೇ ಹಾಸಿಗೆ ನನ್ನ ಪಾಲಿಗೆ ಬರುತ್ತಿತ್ತು.

ಆದರೆ ನಾನು ಆ ವಿಭಾಗವನ್ನು ಆರಿಸಿದ್ದು ಅದರ ಮೇಲಿನ ಪ್ರೀತಿಯಿಂದಲ್ಲ. ಅಲ್ಲಿ ರೋಗಿ ಮಲಗಿರುತ್ತಾನೆ, ಎಚ್ಚರವಾದ ಮೇಲೆ ಬೇರೆಯವರ ವಾರ್ಡಿಗೆ ಹೋಗುತ್ತಾನೆ, ನನ್ನನ್ನು ಏನೂ ಕೇಳುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ತಪ್ಪಿತು. ನಾನು ಕೆಲಸಕ್ಕೆ ಸೇರಿದ ನಮ್ಮ ಕಡೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ, ಹರ್ನಿಯಾ, ಮೂಲವ್ಯಾಧಿ ಇಂಥ ಆಪರೇಷನ್ನುಗಳಿಗೆ ಪೂರ್ತಿ ನಿದ್ದೆ ಬರಿಸುವುದು ಕಡಿಮೆ. ಬೆನ್ನುಮೂಳೆಯ ಸಂದಿಗೆ ಸೂಜಿ ಹಾಕಿ ಸೊಂಟದಿಂದ ಕೆಳಗೆ ಮರಗಟ್ಟಿಸುತ್ತೇವೆ. ಎರಡು ಮೂರು ಗಂಟೆಯಲ್ಲಿ ತಾನಾಗಿ ಸರಿಹೋಗುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ತನ್ನ ಕಾಲನ್ನು ಎತ್ತಲು ನೋಡುತ್ತಾನೆ, ಆಗುವುದಿಲ್ಲ. ಆಗ ತಲೆಯ ಹತ್ತಿರ ಕೂತ ನನ್ನ ಕಡೆ ಕಣ್ಣು ತಿರುಗಿಸಿ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ.

ಒಬ್ಬರು ಕಾಫಿ ತೋಟದ ಗೌಡರು ಹರ್ನಿಯಾಕ್ಕೆ ಬಂದಿದ್ದರು. ಆಪರೇಷನ್ನಿನ ಉದ್ದಕ್ಕೂ ಕಾಫಿ ಹೂ ಬಿಡಿಸುವ ಹೂಮಳೆ ಬಿತ್ತೋ ಇಲ್ಲವೋ ಎಂದು ಕಿಟಕಿ ಕಡೆ ನೋಡುತ್ತಿದ್ದವರು, ಒಮ್ಮೆಲೇ ನನ್ನ ಅಂಗಿ ಹಿಡಿದುಕೊಂಡರು.

"ಡಾಕ್ಟ್ರೇ, ಕಾಲು ನಂದಲ್ಲ ಅನ್ನೋ ಹಾಗಿದೆಯಲ್ಲ. ವಾಪಸ್ ಬರ್ತದಾ?"

"ಮಧ್ಯಾಹ್ನದೊಳಗೆ ಬರ್ತದೆ ಗೌಡ್ರೇ."

"ನೀವು ಬರ್ತದೆ ಅಂದ್ರೆ ಬರ್ತದೆ ಬಿಡಿ. ನಿಮ್ಮ ಮಾತಿಗೆ ತೂಕ ಇದೆ."

ಇಪ್ಪತ್ತೆಂಟು ವರ್ಷ, ದಿನಕ್ಕೆ ಮೂರು ನಾಲ್ಕು ಸಲ, 'ಬರ್ತದೆ' ಎಂದು ಹೇಳಿದ್ದೇನೆ. ಪ್ರತಿ ಸಲವೂ ಅದು ನಿಜವಾಗಿತ್ತು. ಅಷ್ಟು ಸಲ ನಿಜ ಹೇಳಿದರೆ ಕಾರಿಡಾರಿನ ಆ ಒಂದು ಉತ್ತರಕ್ಕೆ ವಜಾ ಆಗುತ್ತದೆ ಎಂದು ನಾನು ನಂಬಿದ್ದೆನೇ? ಹಾಗೆ ಯೋಚಿಸಿ ಮಾಡಿದ್ದಲ್ಲ. ಆದರೆ ರೋಗಿಯ ಹೆಬ್ಬೆರಳು ಅಲುಗುವವರೆಗೆ ನಾನು ಮನೆಗೆ ಹೋಗುತ್ತಿರಲಿಲ್ಲ. ಇದಕ್ಕೆ ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ಬೀಳ್ಕೊಡುಗೆ ಸಮಾರಂಭದಲ್ಲೂ ಯಾರೋ ಅದನ್ನೇ ಹೇಳಿದರು.

ಹೊಗಳಲು ಬಾರದ ಭಾಗ ಇದು. ಪ್ರತಿ ವರ್ಷ ಮೆಣಸಿನ ಕೊಯ್ಲಿನಲ್ಲಿ ಜನ ಬೀಳುತ್ತಿದ್ದರು. ನಮ್ಮಲ್ಲಿ ಎಷ್ಟೋ ವರ್ಷ ಮೂಳೆ ವೈದ್ಯರೇ ಇರಲಿಲ್ಲ. ಬಂದವರು ವರ್ಷ ನಿಲ್ಲುತ್ತಿರಲಿಲ್ಲ. ನಾನು ನೋವಿಗೆ ಚುಚ್ಚುಮದ್ದು ಕೊಟ್ಟು, ಘಟ್ಟದ ಕೆಳಗೋ ಹಾಸನಕ್ಕೋ ಚೀಟಿ ಬರೆದು ಕಳಿಸುತ್ತಿದ್ದೆ. ಡ್ಯೂಟಿಯಲ್ಲಿದ್ದ ಎಳೆಯ ಡಾಕ್ಟರೊಬ್ಬ ಒಮ್ಮೆ, "ಸರ್, ನೀವು ಒಂದು ವರ್ಷ ಮೂಳೆ ಮಾಡಿದೀರಂತಲ್ಲ, ಈ ಭುಜ ಒಂಚೂರು ಕೂರಿಸ್ತೀರಾ?" ಅಂದ. ಮರೆತುಹೋಗಿದೆ ಅಂದೆ. ಮರೆತಿರಲಿಲ್ಲ. ಆ ಮನುಷ್ಯ ಭುಜ ಜಾರಿದ ಹಾಗೆಯೇ ಹಾಸನದವರೆಗೆ ಬಸ್ಸಿನಲ್ಲಿ ಹೋದ.

ಬಿದ್ದವರನ್ನು ಹೇಗೆ ಎತ್ತಬೇಕು ಎಂದು ತೋಟಗಳಿಗೆ ಹೋಗಿ ಹೇಳಿಕೊಡಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೋದದ್ದು ಐವತ್ತು ದಾಟಿದ ಮೇಲೆ. ಮೊದಲ ತೋಟದಲ್ಲಿ ಮೇಸ್ತ್ರಿ ನನ್ನ ಪಾಠವನ್ನೆಲ್ಲ ಕೇಳಿ, "ಹಲಗೆ ಸರಿ ಡಾಕ್ಟ್ರೇ, ಆದ್ರೆ ಅದು ಜೀಪಿಗೆ ಹಿಡಿಯಲ್ಲ, ಹಿಂದಿನ ಬಾಗಿಲು ಬಿಚ್ಚಿ ಕಟ್ಬೇಕು, ಅದನ್ನೂ ಹೇಳ್ಕೊಡಿ," ಅಂದ. ನನಗೆ ಅದು ಗೊತ್ತಿರಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲಿ ಹಲಗೆಯನ್ನು ಜೀಪಿಗೆ ಹತ್ತಿಸಿದ್ದೆ, ಕೈಯಿಂದ ಹತ್ತಿಸಿ ನೋಡಿರಲಿಲ್ಲ. ಜೀಪಿನ ಬಾಗಿಲು ಬಿಚ್ಚಿ, ಎರಡು ಗೋಣಿಚೀಲ ಹಾಸಿ, ಹಲಗೆಯ ತುದಿ ಹೊರಗೆ ಚಾಚುವ ಹಾಗೆ ಹಗ್ಗ ಬಿಗಿಯುವುದನ್ನು ಆ ಮೇಸ್ತ್ರಿಯೇ ನನಗೆ ಕಲಿಸಿದ. ಆಮೇಲೆ ಸುಮಾರು ತೋಟಗಳಲ್ಲಿ ಅದನ್ನೇ ನನ್ನದೆಂಬಂತೆ ಹೇಳಿಕೊಟ್ಟೆ. ಕೆಲವರ ಕಾಲು ಅದರಿಂದ ಉಳಿದಿರಬಹುದು. ಅದಕ್ಕೂ ಹಿಂದಿನ ಇಪ್ಪತ್ತು ಕೊಯ್ಲಿನವರದ್ದು?

ಸ್ಮಿತಾ ಬಂದುಹೋದ ಮರುವಾರ ಹಸನಬ್ಬನನ್ನು ಹುಡುಕಿಕೊಂಡು ಹೋದೆ. ಈಗ ಅವರ ಮಗ ರಸ್ತೆ ಬದಿಯಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಹಸನಬ್ಬ ಅಲ್ಲಿ ಹಳೆಯ ಟೈರುಗಳ ಮೇಲೆ ಮೆತ್ತೆ ಹಾಕಿ ಕೂತು ಬಂದ ಗಾಡಿಗಳಿಗೆಲ್ಲ ರೋಗ ಹೇಳುತ್ತಾರೆ. ನನ್ನನ್ನು ಕಂಡು ಕೂತಲ್ಲಿಂದಲೇ ಕೈ ಎತ್ತಿದರು.

"ಬನ್ನಿ ಡಾಕ್ಟ್ರೇ. ರಿಟೈರ್ ಆದ್ರಂತೆ. ನಿಮ್ಮದೂ ನನ್ನದೂ ಈಗ ಒಂದೇ ಕೆಲ್ಸ, ಕೂತು ಬಾಕಿಯವರಿಗೆ ಹೇಳೂದು."

ಚಹಾ ಬಂತು. ಅವರ ಮಂಡಿನೋವಿನ ಕಥೆ ಕೇಳಿದೆ. ಆಮೇಲೆ ಬಂದ ವಿಷಯ ಎತ್ತಿದೆ.

"ಸಾಬ್ರೇ, ಸಂಜೀವನ್ನ ತಂದ ದಿನ ಫೋನಲ್ಲಿ ನಾನು ಏನು ಹೇಳಿದ್ದೆ? ನಿಮಗೆ ನೆನಪಿದೆಯಾ?"

ಹಸನಬ್ಬ ಗ್ಯಾರೇಜಿನೊಳಗೆ ನೋಡಿ, ಬಡಿಯುತ್ತಿದ್ದವನಿಗೆ ನಿಲ್ಲಿಸೆಂದು ಸನ್ನೆ ಮಾಡಿದರು.

"ಇದನ್ನು ಕೇಳೂಕೆ ಇಷ್ಟು ವರ್ಷ ಬೇಕಾಯ್ತಾ?"

"ಬೇಕಾಯ್ತು."

"ಬೇಗ ತನ್ನಿ ಅಂದ್ರಿ. ಇಟ್ರಿ. ಅಷ್ಟೆ."

"ಮಲಗಿಸಿ ಅಂತ ಅನ್ಲಿಲ್ವಾ?"

"ಇಲ್ಲ. ಅಂದಿದ್ರೂ ನಾನು ಕೂರಿಸ್ಕೊಂಡೇ ಬರ್ತಿದ್ದೆನೋ ಏನೋ. ನಮಗೆಲ್ಲ ಆವಾಗ ಅಷ್ಟೇ ಗೊತ್ತಿದ್ದಿದ್ದು. ಮಲಗಿಸಿದ್ರೆ ಹೆಣ ಅಂತಿದ್ರು ಜನ. ಆದ್ರೆ ನೀವು ಅನ್ಲಿಲ್ಲ."

ಇದನ್ನು ನಾನು ನಿರೀಕ್ಷಿಸಿಯೇ ಹೋಗಿದ್ದೆ. ಅವರ ನೆನಪೂ ನನ್ನದರ ಹಾಗೆ ಸವೆದಿರಬಹುದು ಎಂಬ ವಾದವನ್ನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ. ಅವರು ಹೇಳಿದ ರೀತಿ ಕೇಳಿದ ಮೇಲೆ ಆ ವಾದವನ್ನು ಅಲ್ಲೇ ಬಿಟ್ಟೆ.

"ಮತ್ತೆ ದೊಡ್ಡ ಡಾಕ್ಟ್ರ ಎದುರು ಹೌದು ಅಂದ್ರಲ್ಲ. ನನಗೋಸ್ಕರ ಅಷ್ಟು ಬೈಸ್ಕೊಂಡ್ರಲ್ಲ."

"ನಿಮಗೋಸ್ಕರ ಯಾಕೆ ಬೈಸ್ಕೊಳ್ಳಿ ಮಾರಾಯ್ರೇ?" ಹಸನಬ್ಬ ನಕ್ಕರು. "ನೀವು ಆವಾಗ ನನಗೆ ಎಂಥ ಆಗ್ಬೇಕಿತ್ತು? ಬಸ್ಸಿಗೆ ಬಿಡೋ ಗಿರಾಕಿ. ನಾನು ನೋಡಿದೆ, ಈ ಮನುಷ್ಯ ನಿಮ್ಮನ್ನು ಇವತ್ತು ಓಡಿಸ್ತಾನೆ ಅಂತ. ಸಂಜೀವನ ಕಾಲು ಹೋಯ್ತು. ನಮ್ಮ ಕಡೆಯವ್ರು ಅಂತ ಇದ್ದ ಒಬ್ಬ ಮೂಳೆ ಡಾಕ್ಟ್ರೂ ಹೋದ್ರೆ ನಾಳೆ ಬೀಳೋರನ್ನ ಎಲ್ಲಿಗೆ ತರ್ಲಿ? ಅದಕ್ಕೆ ಹೌದು ಅಂದೆ." ಚಹಾದ ಲೋಟವನ್ನು ಟೈರಿನ ಮೇಲಿಟ್ಟರು. "ಆಮೇಲೆ ನೀವೇ ಬಿಟ್ಟಿರಿ ಅಂತ ಗೊತ್ತಾಯ್ತು. ಎಂಥದೋ ಪುಡಿ ಅಂದ್ರು."

ಆ ಸಂಜೆ ಅವರು ಬಯ್ಯಿಸಿಕೊಂಡು ಉಳಿಸಿದ್ದು ನನ್ನನ್ನು ಎಂದು ಇಷ್ಟು ದಿನ ತಿಳಿದಿದ್ದೆ. ಫೋನಿನ ತಪ್ಪು ಐದು ನಿಮಿಷದ್ದು, ಪ್ಲಾಸ್ಟರ್ ಗಟ್ಟಿಯಾಗುತ್ತಿದ್ದ ಅವಸರದ್ದು. ಅಂಥ ತಪ್ಪಿನಿಂದ ಈ ವೃತ್ತಿಯಲ್ಲಿ ಯಾರೂ ತಪ್ಪಿಸಿಕೊಂಡಿಲ್ಲ. ಆದರೆ ಆ ಕಾರಿಡಾರಿನಲ್ಲಿ ಒಬ್ಬ ಜೀಪು ಡ್ರೈವರು ನಿಂತು ನಮ್ಮ ಬೆಟ್ಟಗಳಿಗಾಗಿ ಒಬ್ಬ ಮೂಳೆ ವೈದ್ಯನನ್ನು ಉಳಿಸಿದ್ದರು. ಆ ವೈದ್ಯನನ್ನು ನಾನು ಮುಂದಿನ ಮಳೆಗಾಲದೊಳಗೆ ಇಲ್ಲವಾಗಿಸಿದೆ. ಅದಕ್ಕೆ ಅವಸರ ಇರಲಿಲ್ಲ. ನಾಲ್ಕು ತಿಂಗಳು ಯೋಚಿಸಿಯೇ ಮಾಡಿದ್ದು.

"ಸಂಜೀವ ಎಷ್ಟು ವರ್ಷ ಇದ್ದ?" ಕೇಳಿದೆ. ಇದೂ ನನಗೆ ಗೊತ್ತಿರಲಿಲ್ಲ. ಅವನಿದ್ದ ಎಸ್ಟೇಟ್ ಲೈನು, ಆಳುಗಳ ಸಾಲುಮನೆ, ನಮ್ಮ ಮನೆಯಿಂದ ನಾಲ್ಕು ಮೈಲಿ.

"ಮೂರು ವರ್ಷ ಇದ್ದ. ಬೆನ್ನಲ್ಲಿ ಹುಣ್ಣಾಗಿ ಹೋದ. ಸುಂದರಿ ಇದ್ದಾಳೆ. ಅದೇ ತೋಟದಲ್ಲಿ, ಈಗ ಕೆಲ್ಸಕ್ಕೆ ಹೋಗಲ್ಲ. ಹೋಗೋಣ್ವಾ? ಮಗ ಗಾಡಿ ಕೊಡ್ತಾನೆ, ಅರ್ಧ ಗಂಟೆ ದಾರಿ."

"ಇವತ್ತು ಬೇಡ ಸಾಬ್ರೇ."

ಅವರು ಒತ್ತಾಯ ಮಾಡಲಿಲ್ಲ. ಒಳಗೆ ಮತ್ತೆ ಬಡಿಯಲು ಹೇಳಿದರು.

ಸ್ಮಿತಾ, ಇದನ್ನು ನಿನಗೆ ಕಳಿಸುತ್ತೇನೆ. ವಿಭಾಗ ಬಿಡಬೇಡ ಎಂದು ಹೇಳುವ ಹಕ್ಕು ನನಗಿಲ್ಲ. ಬಿಟ್ಟು ಒಳ್ಳೆಯದಾದವರನ್ನೂ ನೋಡಿದ್ದೇನೆ. ಕೈಗೆ ಒಗ್ಗದ ಕೆಲಸದಲ್ಲಿ ಹಟಕ್ಕೆ ಉಳಿದು ಕೆಟ್ಟವರನ್ನೂ ನೋಡಿದ್ದೇನೆ. ಅರ್ಜಿಯಲ್ಲಿ ಏನು ಬೇಕಾದರೂ ಬರೆ. ಆದರೆ ನಿನ್ನ ವಾರ್ಡಿನಲ್ಲಿ ನೀನು ಸುತ್ತು ಹಾಕಿ ತಪ್ಪಿಸುವ ಹಾಸಿಗೆ ಒಂದಿದ್ದರೆ, ಮೊದಲು ಅದರ ಹತ್ತಿರ ಹೋಗಿ ನಿಂತುಕೊ. ಅವರು ಏನು ಕೇಳುತ್ತಾರೋ ಕೇಳಲಿ. ಅದಾದ ಮೇಲೂ ಬಿಡಬೇಕು ಅನ್ನಿಸಿದರೆ ಬಿಡು. ನಿನಗೆ ಹೇಳಿದ್ದು ಸುಳ್ಳು. ನನಗೂ ಸುಲಭ ಇರಲಿಲ್ಲ.

ಸುಂದರಿಯ ಮನೆಗೆ ನಾನಿನ್ನೂ ಹೋಗಿಲ್ಲ. ಹಸನಬ್ಬ ನಿನ್ನೆ ಫೋನು ಮಾಡಿ ಕೇಳಿದರು. ಬರುವ ವಾರ ಅಂದೆ.